ಏಳು ಗಂಟೆಯವರು, ಎಂಟು ಗಂಟೆಯವರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಈ ಗಾದೆ ಮಾಡಿದ ಪುಣ್ಯಾತ್ಮ ಬಾಡಿಗೆಗೆ ಮನೆ ಹುಡುಕಿದವನಲ್ಲ, ಅಷ್ಟು ಮಾತ್ರ ಖಂಡಿತ. ಹುಡುಕಿದ್ದರೆ ಮೂರನೆಯದನ್ನೂ ಸೇರಿಸುತ್ತಿದ್ದ. ನಾನು ಹೊಟ್ಟೆಪಾಡಿಗೆ ಮಾಡುವುದೇ ಆ ಮೂರನೆಯ ಕೆಲಸ. ಖಾಲಿ ಮನೆಗಳ ಬೀಗದ ಕೈಗಳನ್ನು ಚೀಲದಲ್ಲಿ ತುಂಬಿಕೊಂಡು, ಮನೆ ಬೇಕಾದವರಿಗೆ ತೋರಿಸುತ್ತ ಊರೆಲ್ಲ ಸುತ್ತುತ್ತೇನೆ. ನಡೆದರೆ ಚೀಲ ಗಲಗಲ ಅನ್ನುತ್ತದೆ, ಅದಕ್ಕೇ ಊರಿನವರ ಬಾಯಲ್ಲಿ ನಾನು ಬೀಗದಕ್ಕ.

ಮೊದಲೆಲ್ಲ ಜನ ಮನೆ ನೋಡಲು ಬೆಳಿಗ್ಗೆ ಬರುತ್ತಿದ್ದರು. ನಲ್ಲಿ ತಿರುಗಿಸುತ್ತಿದ್ದರು, ಗೋಡೆಗೆ ಕೈ ಇಟ್ಟು ತೇವ ಇದೆಯಾ ನೋಡುತ್ತಿದ್ದರು, ಯಾವ ಕಿಟಕಿಯಿಂದ ಬಿಸಿಲು ಬರುತ್ತದೆ ಅಂತ ಕೇಳುತ್ತಿದ್ದರು. ಈಗ ಎಲ್ಲರೂ ಸಂಜೆಯೇ ಬರುತ್ತಾರೆ. ಮನೆಯೊಳಗೆ ಕಾಲಿಡುವ ಮೊದಲು ಬೀದಿಯ ಈ ತುದಿಯಿಂದ ಆ ತುದಿಗೆ ಒಂದು ಸಲ ನಡೆಯುತ್ತಾರೆ, ಕಿವಿ ನೆಟ್ಟಗೆ ಮಾಡಿಕೊಂಡು. ನಮ್ಮಲ್ಲಿ ಜನ ನೋಡುವುದು ಎರಡೇ ವಾರ್ತೆ. ಏಳು ಗಂಟೆಗೆ ಒಂದು ಚಾನೆಲ್ಲಿನದು, ಎಂಟಕ್ಕೆ ಇನ್ನೊಂದರದು. ಒಂದು ಪಕ್ಷದವರು ಏಳರದನ್ನು ನೋಡುತ್ತಾರೆ, ಇನ್ನೊಂದು ಪಕ್ಷದವರು ಎಂಟರದನ್ನು. ಎರಡನ್ನೂ ನೋಡುವವರು ಎಲ್ಲಾದರೂ ಇದ್ದರೆ ಅವರಿಗೆ ನಾನಿನ್ನೂ ಮನೆ ಕೊಡಿಸಿಲ್ಲ. ಏಳಕ್ಕೆ ಕಿಟಕಿಗಳೆಲ್ಲ ಗದ್ದಲ ಎಬ್ಬಿಸಿದರೆ ಅದು ಏಳರವರ ಬೀದಿ, ಎಂಟಕ್ಕಾದರೆ ಎಂಟರವರದು. ಯಾರನ್ನೂ ಕೇಳಬೇಕಾಗಿಲ್ಲ, ಕೇಳಿ ಮುಜುಗರ ಪಡಬೇಕಾಗಿಲ್ಲ. ಈ ಉಪಾಯ ನನ್ನದೇ ಅನ್ನುತ್ತಾರೆ. ಅಲ್ಲ, ಗಿರಾಕಿಗಳೇ ಕಲಿಸಿದ್ದು. ಪಳಗಿದ್ದು ಮಾತ್ರ ನಾನು.

ಹೋದ ವರ್ಷ ಹೊಸದಾಗಿ ಮದುವೆಯಾದ ಜೋಡಿಗೆ ಒಂದು ಮನೆ ತೋರಿಸಿದ್ದೆ. ಗಾಳಿ, ಬೆಳಕು, ಬಾಗಿಲಲ್ಲೇ ಬಸ್ಸು. ಹುಡುಗಿಗೆ ಅಡುಗೆಮನೆ ನೋಡಿ ಕಣ್ಣಲ್ಲಿ ನೀರೇ ಬಂತು. ಆದರೆ ಇಡೀ ಬೀದಿ ಸುಮ್ಮನಿದ್ದಾಗ ಎದುರುಮನೆಯ ಒಂದು ಕಿಟಕಿ ಮಾತ್ರ ವಾರ್ತೆ ಹಾಕಿತು. ಇಬ್ಬರೂ ಮುಖ ಮುಖ ನೋಡಿಕೊಂಡು ಹೊರಟೇಹೋದರು. ಒಂದು ಕಿಟಕಿಗೆ ಹೆದರಿ ಅಂಥ ಅಡುಗೆಮನೆ ಬಿಟ್ಟರಲ್ಲ ಅಂತ ನಾನು ಬೀದಿಯಲ್ಲಿ ನಿಂತು ನಕ್ಕಿದ್ದೆ.

ನೀನು ಯಾವ ಗಂಟೆಯವಳು ಅಂತ ಕೇಳಿದರೆ, ಏಳಕ್ಕೂ ಎಂಟಕ್ಕೂ ನಾನು ಬೀದಿಯಲ್ಲೇ ಇರುತ್ತೇನೆ ಅನ್ನುತ್ತೇನೆ. ನನ್ನ ಯಜಮಾನರು ಮಾತ್ರ ಅಪ್ಪಟ ಏಳರವರು. ಬಸ್ ಓಡಿಸಿ ನಿವೃತ್ತರಾದವರು. ಅಷ್ಟು ವರ್ಷ ಎಂಜಿನ್ ಪಕ್ಕ ಕೂತು ಕೂತು ಕಿವಿ ಮಂದವಾಗಿದೆ, ಗಂಟಲು ದೊಡ್ಡದಾಗಿದೆ. ಟಿವಿಯನ್ನು ಪೂರ್ತಿ ಜೋರಾಗಿ ಇಟ್ಟು, ಅದಕ್ಕಿಂತ ಜೋರಾಗಿ ಅದರ ಜೊತೆ ಮಾತಾಡುತ್ತಾರೆ. ನಮ್ಮ ತಲೆಯ ಮೇಲೆ, ಮಹಡಿಯಲ್ಲಿ, ಒಬ್ಬಳೇ ಮಗಳ ಸಂಸಾರ. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಳಿಯ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುತ್ತಾನೆ, ಎಂಟರವನು. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅಂದಹಾಗೆ ಮಾವ ಅಳಿಯ. ಆದರೆ ಅಳಿಯ ಎದುರು ಮಾತಾಡುವವನಲ್ಲ. ದಿನವಿಡೀ ಜನರಿಗೆ ‘ಉಸಿರು ಬಿಗಿ ಹಿಡ್ಕೊಳ್ಳಿ’ ಅನ್ನುವುದು ಅವನ ಕೆಲಸ. ಮನೆಗೆ ಬಂದ ಮೇಲೆ ತಾನೇ ಉಸಿರು ಬಿಗಿ ಹಿಡಿದುಕೊಂಡಿರುತ್ತಿದ್ದ.

ನಡುವೆ ಮೊಮ್ಮಗಳು. ನಾಲ್ಕು ವರ್ಷದ ಪೋರಿ, ಗುಬ್ಬಿ ಅಂತ ಕರೆಯುತ್ತೇವೆ. ತಾತನ ಹೆಗಲೇ ಅವಳ ಬಸ್ಸು. ತಾತನ ಕಿವಿ ಹಿಡಿದು ಬಲಕ್ಕೆ ಎಡಕ್ಕೆ ತಿರುಗಿಸುತ್ತಿದ್ದಳು, ಆ ಗಡಸು ಮನುಷ್ಯ ಬಾಯಲ್ಲೇ ಹಾರ್ನ್ ಮಾಡುತ್ತ ಮನೆಯೆಲ್ಲ ಓಡುತ್ತಿದ್ದರು. ಸಂಜೆ ಅವರ ತೊಡೆಯ ಮೇಲೆ ಕೂತು ವಾರ್ತೆ ನೋಡುತ್ತಿದ್ದಳು. ಮಗುವಿಗೆ ಏನು ಅರ್ಥವಾಗುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು.

ಒಂದು ರಜಾದಿನ ಮಧ್ಯಾಹ್ನ ಎಲ್ಲರೂ ಕೆಳಗೆ ಊಟಕ್ಕೆ ಕೂತಿದ್ದೆವು. ಗುಬ್ಬಿ ಅಪ್ಪನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಕೇಳಿದಳು.

“ಅಪ್ಪಾ, ನೀನು ದ್ರೋಹಿನಾ?”

ಅಳಿಯನ ಕೈ ತಟ್ಟೆಯಲ್ಲೇ ನಿಂತಿತು. “ಯಾರು ಪುಟ್ಟಾ ಹಾಗಂದಿದ್ದು?”

“ತಾತ. ಎಂಟು ಗಂಟೆ ನೋಡೋರೆಲ್ಲ ದ್ರೋಹಿಗಳಂತೆ. ಅವರನ್ನೆಲ್ಲ ಓಡಿಸ್ಬಿಡ್ಬೇಕಂತೆ. ನಿನ್ನೂ ಓಡಿಸ್ತಾರಾ?”

ಆಗ ಯಜಮಾನರು ಒಂದು ಮಾತು ಆಡಬಹುದಿತ್ತು. ಇಲ್ಲ ಕಂದಾ, ನಿಮ್ಮಪ್ಪನಿಗಲ್ಲ ಹೇಳಿದ್ದು ಅಂದಿದ್ದರೆ ಮುಗಿಯುತ್ತಿತ್ತು. ಅವರು ದೊಡ್ಡದಾಗಿ ನಕ್ಕು, “ಮಕ್ಕಳ ಬಾಯಲ್ಲಿ ಸತ್ಯಾನೇ ಬರೋದು ನೋಡಿ!” ಅಂದುಬಿಟ್ಟರು. ತಮಾಷೆಗೇ ಅಂದದ್ದು. ಅವರ ತಮಾಷೆ ಯಾವುದು ನಿಜ ಯಾವುದು ಅಂತ ನನಗೆ ಗೊತ್ತಾಗುತ್ತದೆ, ಕಟ್ಟಿಕೊಂಡವಳು ನಾನು. ಅಳಿಯನಿಗೆ ಗೊತ್ತಾಗಬೇಕಾದ ದರ್ದೇನು? ಅವನು ಕೈ ತೊಳೆದುಕೊಂಡು ಮಹಡಿ ಹತ್ತಿದ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಇಲ್ಲಿ ಜಗಳವೂ ಆಗದೆ ಕೂಸು ಬಡವಾಯಿತು. ಆವತ್ತಿನಿಂದ ಗುಬ್ಬಿ ಅಪ್ಪನ ಅಂಗಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗಲು ಶುರು ಮಾಡಿದಳು, ನಿದ್ದೆ ಬಂದಾಗ ಓಡಿಸಿಬಿಟ್ಟಾರು ಅಂತ.

ಕೆಲವು ದಿನ ಕಳೆದು ಮಗಳು ಕೆಳಗಿಳಿದು ಬಂದಳು. ನಾನು ಪಾತ್ರೆ ತೊಳೆಯುತ್ತಿದ್ದೆ. ಒರೆಸುವ ಬಟ್ಟೆ ತಗೊಂಡು ಪಕ್ಕದಲ್ಲಿ ನಿಂತಳು.

“ಅಮ್ಮ, ಒಂದು ಮನೆ ನೋಡು.”

“ಯಾರಿಗೆ?”

“ನಮಗೆ. ಎಂಟರವರ ಬೀದೀಲಿ.”

“ನಿನಗೇನೇ ಎಂಟು, ಏಳು? ನೀನು ವಾರ್ತೆ ನೋಡಿದ್ದು ನಾನು ಕಂಡೇ ಇಲ್ಲ.”

“ನನಗೇನೂ ಇಲ್ಲಮ್ಮ. ಗುಬ್ಬಿ ಅವರಪ್ಪನ ಬಗ್ಗೆ ಕೆಟ್ಟ ಮಾತು ಕೇಳದೇ ಇರೋ ಕಡೆ ಇರ್ಬೇಕು. ಅಷ್ಟೇ.” ಆಮೇಲೆ ತಟ್ಟೆ ಒರೆಸುತ್ತ ಮೆಲ್ಲಗೆ ಹೇಳಿದಳು, “ನೀನು ಆಗಲ್ಲ ಅಂದ್ರೆ ಬೇರೆ ಬ್ರೋಕರ್ ಹತ್ರ ಹೋಗ್ತೀನಿ. ನಿನಗೆ ಅವಮಾನ ಆಗತ್ತೆ ಅಂತ ನಿನ್ನನ್ನೇ ಕೇಳ್ತಿದೀನಿ.”

ಅವಳ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಆದರೂ ನಾನು ಬ್ರೋಕರ್ ಅಲ್ಲವೇ, ಗಿರಾಕಿಯನ್ನು ಸತಾಯಿಸುವುದು ಬಲ್ಲೆ. ಕತ್ತಲೆಯ ಮನೆ ತೋರಿಸಿದೆ, ಸೋರುವ ಮನೆ ತೋರಿಸಿದೆ, ಪಕ್ಕದಲ್ಲಿ ಬೆಳಗಿನಿಂದ ಕಬ್ಬಿಣ ಬಡಿಯುವ ಮನೆ ತೋರಿಸಿದೆ. ಚಿಕ್ಕವಳಿದ್ದಾಗ ನನ್ನ ಸೆರಗು ಹಿಡಿದು ಮನೆ ಮನೆ ತಿರುಗಿದವಳು ಅವಳು. ಏನೂ ಅನ್ನದೆ, “ಮುಂದಿನದು ತೋರಿಸು” ಅನ್ನುತ್ತಿದ್ದಳು.

ಆಗ ನನಗೆ ಆ ಬುದ್ಧಿ ಬಂತು. ನಮ್ಮ ಹಿಂದಿನ ಬೀದಿಯಲ್ಲಿ ಒಂದು ಒಳ್ಳೆಯ ಮನೆ ಖಾಲಿಯಾಗಿತ್ತು. ನಮ್ಮ ತಾರಸಿಯಲ್ಲಿ ನಿಂತು ಗುಬ್ಬೀ ಅಂದರೆ ಅಲ್ಲಿಗೆ ಕೇಳಿಸುವಷ್ಟು ಹತ್ತಿರ. ಒಂದೇ ತೊಡಕು, ಆ ಬೀದಿ ಪೂರಾ ಏಳರವರದು. ಆದರೆ ಅಲ್ಲಿದ್ದವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಮನೆ ಕೊಡಿಸಿದ್ದು ನಾನೇ. ಮನೆಮನೆಗೆ ಹೋದೆ. ನಾಳೆ ಒಂದು ದಿನ ಏಳಕ್ಕೆ ಟಿವಿ ಹಾಕಬೇಡಿ, ಎಂಟಕ್ಕೆ ಆ ಇನ್ನೊಂದು ಚಾನೆಲ್ ಹಾಕಿ, ಸ್ವಲ್ಪ ಜೋರಾಗಿಯೇ ಇಡಿ ಅಂತ ಬೇಡಿಕೊಂಡೆ.

ಆ ಬೀದಿಗೆ ಹೊಸದಾಗಿ ಬಂದಿದ್ದ ದರ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡ. “ಆ ಚಾನೆಲ್ಲಾ? ನನ್ನ ಮನೇಲಾ? ಬೀಗದಕ್ಕ, ಬೇಕಾದ್ರೆ ರಕ್ತ ಕೇಳಿ, ಕೊಡ್ತೀನಿ.”

“ರಕ್ತ ಇಟ್ಕೊಂಡು ನಾನೇನು ಮಾಡ್ಲಪ್ಪ? ಮೊಮ್ಮಗಳು ದೂರ ಹೋಗ್ಬಿಡ್ತಾಳೆ,” ಅಂದೆ.

ಅವನು ಹೊಲಿಗೆಯಂತ್ರದ ಚಕ್ರ ಹಿಡಿದು ನಿಲ್ಲಿಸಿದ. “ಒಂದೇ ದಿನ ತಾನೇ?” ಅಂದ.

ಎಲ್ಲರೂ ಒಪ್ಪಿದರು. ಕೊನೆಯ ಮನೆಯ ಮುದುಕಿಗೆ ಆ ಚಾನೆಲ್ ಎಲ್ಲಿದೆ ಅನ್ನುವುದೇ ಗೊತ್ತಿರಲಿಲ್ಲ. ನಾನೇ ಹುಡುಕಿ ಇಟ್ಟು, ಬೇರೆ ಗುಂಡಿ ಒತ್ತಬೇಡಿ ಅಂತ ಹೇಳಿ ಬಂದೆ.

ಮಾರನೆಯ ಸಂಜೆ ಮೂವರನ್ನೂ ಕರೆದುಕೊಂಡು ಹೋದೆ. ಏಳಾಯಿತು. ಬೀದಿ ಗಪ್‌ಚಿಪ್. ಮಗಳು ಹುಬ್ಬೇರಿಸಿದಳು. “ಇಲ್ಲೂ ಎಂಟರವರೇ ಇದಾರಾ?”

“ಕಾಲ ಬದಲಾಗಿದೆ ಕಣೆ. ನೀನು ಅಂಗಡಿ ಬಿಟ್ರೆ ಮನೆ, ಮನೆ ಬಿಟ್ರೆ ಅಂಗಡಿ. ನಿನಗೆಲ್ಲಿ ಗೊತ್ತಾಗತ್ತೆ?”

ಮನೆ ಒಳಗೆಲ್ಲ ತೋರಿಸಿದೆ. ಗುಬ್ಬಿ ಖಾಲಿ ಕೋಣೆಯಲ್ಲಿ ಕೂಗಿ ಪ್ರತಿಧ್ವನಿ ಕೇಳಿಸಿಕೊಂಡು ಕುಣಿದಳು. ಅಳಿಯ ಗೋಡೆಗೆ ಕೈಯಿಟ್ಟು ನೋಡಿದ, ನಲ್ಲಿ ತಿರುಗಿಸಿದ, ಹಳೆಯ ಕಾಲದ ಗಿರಾಕಿಗಳ ಹಾಗೆ. “ಅತ್ತೆ, ಮನೆ ಚೆನ್ನಾಗಿದೆ. ನಿಮಗೂ ಹತ್ರ ಆಗತ್ತೆ,” ಅಂದ. ಎಷ್ಟೋ ದಿನಗಳ ಮೇಲೆ ಅವನ ಮುಖದಲ್ಲಿ ನಗು ಕಂಡಿದ್ದು. ನನಗೆ ಅವನನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು.

ಎಂಟಾಯಿತು. ನಾವು ಬೀದಿಗೆ ಬರುವುದಕ್ಕೂ ಕಿಟಕಿಗಳೆಲ್ಲ ಒಂದೇ ಸಲ ಬಾಯಿ ತೆರೆಯುವುದಕ್ಕೂ ಸರಿಹೋಯಿತು. ಎಂಟರ ವಾರ್ತೆ ಓದುವವನ ದನಿ ಈ ತುದಿಯಿಂದ ಆ ತುದಿಯವರೆಗೆ. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಆ ವಾರ್ತೆಯವನು ಏಳರವರ ನಾಯಕನ ಹೆಸರೆತ್ತಿ ಏನೋ ಹಂಗಿಸಿದ. ದರ್ಜಿಯ ಕಿಟಕಿಯಿಂದ ಗುಡುಗು ಬಂತು.

“ಥೂ! ಮುಚ್ಚೋ ಬಾಯಿ, ಸುಳ್ಳು ಬೊಗಳ್ಬೇಡ!”

ಎದುರುಮನೆಯಿಂದ, “ನಿನ್ನ ನಾಲಿಗೆ ಸೇದುಹೋಗ!”

ಕೊನೆಯ ಮನೆಯ ಮುದುಕಿಯಂತೂ ಶಾಪಗಳ ಮೂಟೆಯನ್ನೇ ಬಿಚ್ಚಿದಳು. ಆಮೇಲೆ ದರ್ಜಿಯ ಹೆಂಡತಿಯ ಪಿಸುಮಾತು, ಇಡೀ ಬೀದಿಗೆ ಕೇಳುವ ಹಾಗೆ: “ಶ್! ರೀ! ಹೊರಗಡೆ ಬೀಗದಕ್ಕ ಇದಾರೆ!”

ಎಂಟರ ಬೀದಿಯಲ್ಲಿ ಎಂಟರ ವಾರ್ತೆಗೆ ಯಾರೂ ಬೈಯುವುದಿಲ್ಲ. ಮಗಳಿಗೆ ಮೊದಲು ನಗು ಬಂತು. ನಾನೂ ನಕ್ಕೆ. ಇಬ್ಬರೂ ಆ ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತ ನಗುತ್ತಲೇ ಅವಳ ಮುಖ ಕಿವುಚಿಕೊಂಡಿತು.

“ಅಮ್ಮ, ಒಂದಿಡೀ ಬೀದಿಯ ಜನಾನ ಒಪ್ಪಿಸಿದೀಯಲ್ಲ,” ಅಂದಳು, “ಅಪ್ಪ ಒಬ್ಬರನ್ನ ಒಪ್ಪಿಸೋಕೆ ಆಗ್ಲಿಲ್ವಾ ನಿನಗೆ?”

ನಾನು ಎದ್ದು ಮನೆಗೆ ಬೀಗ ಹಾಕಿದೆ. ಅಳಿಯ ಗುಬ್ಬಿಯನ್ನು ಎತ್ತಿಕೊಂಡು, “ಹೋಗೋಣ ಅತ್ತೆ,” ಅಂದ. ಸಿಟ್ಟು ಮಾಡಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು.

ಮನೆಗೆ ಬಂದು ಟಿವಿಯ ವೈರನ್ನೇ ಕಿತ್ತೆ. ಯಜಮಾನರು ಹೌಹಾರಿ ಎದ್ದರು.

“ಮೇಲೆ ಹೋಗಿ ತಪ್ಪಾಯ್ತು ಅನ್ನಿ. ಒಂದೇ ಮಾತು,” ಅಂದೆ.

“ನಾನಾ? ಅವನಿಗಾ? ನನ್ನ ಮನೇಲಿ ನನ್ನ ಟಿವಿ ನೋಡೋದೂ ತಪ್ಪಾ?”

“ಮೊಮ್ಮಗಳು ಹೋಗ್ತಾಳೆ ಕಣ್ರೀ.”

“ಎಲ್ಲಿಗೆ ಹೋಗ್ತಾಳೆ? ಇವೆಲ್ಲ ಹೆದರಿಸೋ ಆಟ.” ಹಾಗಂದವರು ಆ ರಾತ್ರಿ ಎರಡು ಸಲ ಮಹಡಿ ಮೆಟ್ಟಿಲ ತನಕ ಹೋದರು. ಕಟಕಟೆ ಹಿಡಿದು ನಿಂತರು, ಕೆಮ್ಮಿದರು, ವಾಪಸ್ಸು ಬಂದು ಮಲಗಿದರು. ಊರಿನ ಬಸ್ಸನ್ನೆಲ್ಲ ತಿರುಗಿಸಿದ ಕೈಗೆ ಒಂದು ಬಾಗಿಲು ತಟ್ಟಲು ಆಗಲಿಲ್ಲ. ಮದುವೆಯಾದಾಗಿನಿಂದ ಅವರ ಮೇಲೆ ನನಗೆ ಅಷ್ಟು ಸಿಟ್ಟು, ಅಷ್ಟು ಕನಿಕರ ಒಟ್ಟಿಗೇ ಬಂದದ್ದು ಅದೇ ಮೊದಲು.

ಬೆಳಗಾದ ಮೇಲೆ ನಾನು ನಿಜವಾದ ಬ್ರೋಕರ್ ಆದೆ. ರೈಲು ಹಳಿಯಾಚೆ, ಎರಡು ಬಸ್ಸು ಬದಲಾಯಿಸಿ ಹೋಗಬೇಕಾದ ಬಡಾವಣೆಯಲ್ಲಿ ಒಂದು ಮನೆ ಹಿಡಿದೆ. ನನ್ನ ಕೈಯಲ್ಲಿ ಹಾದುಹೋದ ಮನೆಗಳಲ್ಲೇ ಒಳ್ಳೆಯದು. ಮಗುವಿಗೆ ಆಡಲು ಅಂಗಳ, ಪೂರ್ವಕ್ಕೆ ಕಿಟಕಿ, ಹತ್ತಿರದಲ್ಲೇ ಶಾಲೆ. ಕೆಳಗಿನ ಭಾಗದಲ್ಲಿ ಮನೆಯೊಡತಿ, ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದು ನಿವೃತ್ತರಾದವರು. ಎಂಟಕ್ಕೆ ಇಡೀ ಬೀದಿ ವಾರ್ತೆ ಕೇಳಿತು, ಯಾರೂ ಬೈಯಲಿಲ್ಲ.

ಮಾರನೆಯ ದಿನ ಮಾತು ಮುಗಿಸಲು ಮಗಳನ್ನೂ ನನ್ನನ್ನೂ ಒಳಗೆ ಕೂರಿಸಿ ಮನೆಯೊಡತಿ ಕಾಫಿ ಕೊಟ್ಟರು. ಅಳಿಯ, ಗುಬ್ಬಿ ಅಂಗಳದಲ್ಲಿದ್ದರು. ಮನೆಯೊಡತಿ ಕೆಟ್ಟ ಹೆಂಗಸಲ್ಲ. ಮಗಳ ಕೈ ತಣ್ಣಗಿರುವುದನ್ನು ನೋಡಿ, “ರಕ್ತ ಕಮ್ಮಿ ಇದೆಯಾ ಮಗು, ಪರೀಕ್ಷೆ ಮಾಡಿಸಿದೀಯಾ?” ಅಂತ ವಿಚಾರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು, ಅವರಿಗೆ ನಾನು ಬರೀ ಬ್ರೋಕರ್.

“ನೋಡಿ, ನನಗೆ ಇರೋರು ಹೇಗೋ, ಬಂದು ಹೋಗೋರೂ ಹಾಗೇ ಇರ್ಬೇಕು. ಮುಂಚೆ ಇದ್ದೋರು ಚಿನ್ನದಂಥೋರು. ಆದ್ರೆ ಆ ಹುಡುಗಿಯ ಅಪ್ಪ ಏಳರವರು. ರಜೆ ಬಂದ್ರೆ ಸಾಕು, ಬಂದು ಅಂಗಳದಲ್ಲಿ ಕೂತು ಬೀದಿಯೋರ ಜೊತೆ ಜಗಳ. ಕೊನೇಗೆ ಯಾರೋ ಇವರ ಕಿಟಕಿಗೆ ಕಲ್ಲು ಹೊಡೆದ್ರು, ತೊಟ್ಟಿಲ ಪಕ್ಕ ಬಿತ್ತು. ಆವತ್ತೇ ತೀರ್ಮಾನ ಮಾಡಿದೆ. ಬ್ರೋಕರ್ ಮಾತು ಕೊಟ್ರೆ ಮಾತ್ರ ಬೀಗದ ಕೈ ಕೊಡೋದು. ಆಮೇಲೆ ಬೇರೆ ಥರ ಗೊತ್ತಾದ್ರೆ ಮುಲಾಜಿಲ್ಲ, ಬಿಡಿಸ್ತೀನಿ. ನೀವು ಬಲ್ಲೋರು, ಹೇಳಿ. ಈ ಹುಡುಗಿ ಕಡೆಯೋರು ಎಂಥೋರು?”

ನಾನು ಮಗಳ ಮುಖ ನೋಡಿದೆ. ಇವರೇ ನನ್ನಮ್ಮ ಅಂತ ಅವಳು ಹೇಳಿಬಿಡಲಿ, ಈ ಮನೆ ಹಾಳಾಗಿ ಹೋಗಲಿ, ಇನ್ನೊಂದು ಹುಡುಕೋಣ ಅಂತ ಒಂದು ಮನಸ್ಸು ಬೇಡಿತು. ತೊಟ್ಟಿಲ ಪಕ್ಕ ಬಿದ್ದ ಕಲ್ಲು ಇನ್ನೊಂದು ಮನಸ್ಸಿನಲ್ಲಿತ್ತು. ಅವಳು ಬಾಯಿ ತೆರೆದಳು, ಬಾಗಿಲಾಚೆ ಅಂಗಳ ನೋಡಿದಳು, ಕಾಫಿಯ ಲೋಟ ಎತ್ತಿಕೊಂಡಳು. ಮಾತಾಡಬೇಕಾದವಳು ನಾನೇ ಅಂತ ಗೊತ್ತಾಯಿತು.

ಅಪ್ಪ ಇಲ್ಲ ಅನ್ನಬೇಕೆಂದುಕೊಂಡೆ. ಮನೆಯಲ್ಲಿ ಜೀವಂತವಾಗಿ ಕೂತಿರುವ ಮನುಷ್ಯನನ್ನು ಒಬ್ಬನನ್ನೇ ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ. ಅದಕ್ಕೆ ಇಬ್ಬರನ್ನೂ ಸೇರಿಸಿದೆ.

“ಹುಡುಗಿಗೆ ಅಪ್ಪ ಅಮ್ಮ ಇಲ್ಲಮ್ಮ,” ಅಂದೆ. “ಆ ಕಡೆಯಿಂದ ಬಂದು ಹೋಗೋರು ಯಾರೂ ಇಲ್ಲ. ನಾನು ಮಾತು ಕೊಡ್ತೀನಿ.”

“ಅಯ್ಯೋ ಪಾಪ,” ಅಂದ ಮನೆಯೊಡತಿ ಮಗಳ ತಲೆ ಸವರಿದರು. “ನಾನಿದೀನಿ ಬಿಡು ಮಗು.”

ಅದೇ ಹೊತ್ತಿಗೆ ಅಂಗಳದಿಂದ ಗುಬ್ಬಿ, “ಅಜ್ಜೀ, ಬೇಗ ಬಾ, ಇಲ್ಲಿ ಬೆಕ್ಕಿನ ಮರಿ!” ಅಂತ ಕೂಗಿದಳು. ನನ್ನ ಕಾಲು ಅರ್ಧ ಎದ್ದಿತ್ತು. ಮನೆಯೊಡತಿ, “ಬಂದೆ ಚಿನ್ನಾ,” ಅನ್ನುತ್ತ ನನಗಿಂತ ಮೊದಲು ಹೊರಗೆ ಹೋದರು. ನಾನು ಕೂತೆ. ಮಗಳೂ ನಾನೂ ಆ ಕೋಣೆಯಲ್ಲಿ ಇಬ್ಬರೇ ಉಳಿದೆವು. ಅವಳು ಲೋಟದೊಳಗೇ ನೋಡುತ್ತಿದ್ದಳು. ನಾನು ಸ್ವಲ್ಪ ಹೊತ್ತು ಕಾದೆ, ಆಮೇಲೆ ಚೀಲ ತಗೊಂಡು ಎದ್ದೆ.

ಸಂಜೆ ಮನೆಗೆ ಬಂದಾಗ ಏಳು ದಾಟಿತ್ತು. ಟಿವಿ ಹಾಕಿರಲಿಲ್ಲ. ಯಜಮಾನರು ಕ್ಷೌರ ಮಾಡಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು ಕೂತಿದ್ದರು.

“ಮನೆ ಆಯ್ತಾ?”

“ಆಯ್ತು.”

“ಹಳಿ ದಾಟಿದ ಮೇಲೆ ಎರಡನೇ ಸ್ಟಾಪು ತಾನೇ? ಆ ರೂಟಲ್ಲಿ ನಾನು ಎಷ್ಟು ವರ್ಷ ಓಡಿಸಿದೀನಿ. ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೋದ್ರೆ ಸೀಟು ಸಿಗತ್ತೆ.” ಅವರ ದನಿ ಅಷ್ಟು ತಗ್ಗಿದ್ದನ್ನು ನಾನು ಕೇಳಿರಲಿಲ್ಲ. “ಭಾನುವಾರ ಹೋಗಿಬರೋಣ ಕಣೇ. ಅಳಿಯಂಗೆ ಹೇಳ್ಬೇಕಾದ್ದು ಹೇಳ್ತೀನಿ. ಇಡೀ ದಿನ ಕಲಿತು ಇಟ್ಕೊಂಡಿದೀನಿ. ಆಮೇಲೆ ಬಾಯೇ ಬಿಡಲ್ಲ. ಒಂದು ಮೂಲೇಲಿ ಕೂತು ಮಗು ಆಡೋದು ನೋಡ್ತೀನಿ, ಅಷ್ಟೇ.”

ನಾನು ಚೀಲವನ್ನು ಗೋಡೆಯ ಮೊಳೆಗೆ ಹಾಕಿದೆ. ಹೇಳದೆ ಇರುವ ಹಾಗಿರಲಿಲ್ಲ. ಭಾನುವಾರ ಇವರು ಅಲ್ಲಿಗೆ ಹೋದರೆ, ಸೋಮವಾರ ಮಗಳ ಸಂಸಾರ ಬೀದಿಯಲ್ಲಿ. ಎದುರಿಗೆ ಕೂತು ಎಲ್ಲ ಹೇಳಿದೆ. ಮನೆಯೊಡತಿ ಕೇಳಿದ್ದು, ಕಲ್ಲಿನ ವಿಷಯ, ನಾನು ಕೊಟ್ಟ ಮಾತು. ಕಿವಿ ಮಂದ ಅಂತ ಕೊನೆಯದನ್ನು ಎರಡು ಸಲ ಹೇಳಬೇಕಾಯಿತು.

ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ. ಅಂಗಿಯ ಗುಂಡಿಯನ್ನು ಬಿಚ್ಚಿದರು, ಮತ್ತೆ ಹಾಕಿದರು.

“ಅಪ್ಪ ಅಮ್ಮ ಇಲ್ಲ ಅಂದ್ಯಾ?”

“ಹೂಂ.”

“ಅವಳು ಅಲ್ಲೇ ಇದ್ಲಾ?”

“ನನ್ನ ಪಕ್ಕದಲ್ಲೇ.”

“ಏನಂದ್ಲು?”

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು, ಕೇಳಿಸದೆ ಹೋದೀತು ಅಂತ.

“ಏನೂ ಅನ್ಲಿಲ್ಲ ಕಣ್ರೀ,” ಅಂದೆ. “ಸುಮ್ಮನೆ ಕೂತಿದ್ಲು.”